ದಪ್ಪ ಕನ್ನಡಕದವರಿಗೆ ಕಣ್ಣೊಳಗಿನ ಲೆನ್ಸ್: ಯಾರಿಗೆ ಬೇಕು, ಯಾರಿಗೆ ಬೇಡ

(ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸ)

 

ಇವತ್ತು ನನಗೆ ಕೊಟ್ಟಿರುವ ವಿಷಯ ಕಣ್ಣೊಳಗೆ ಲೆನ್ಸ್ ಕೂರಿಸುವ ಶಸ್ತ್ರಚಿಕಿತ್ಸೆ. ಹೀಗೆಂದ ಕೂಡಲೇ ಹಿರಿಯರೆಲ್ಲ ಪೊರೆಯ ಆಪರೇಷನ್ ಎಂದುಕೊಳ್ಳುತ್ತೀರಿ. ಅದಲ್ಲ. ಪೊರೆಯ ಆಪರೇಷನ್ನಿನಲ್ಲಿ ಮಬ್ಬಾದ ನಮ್ಮ ಸ್ವಂತ ಮಸೂರವನ್ನು ತೆಗೆದು ಅದರ ಜಾಗಕ್ಕೆ ಕೃತಕ ಲೆನ್ಸ್ ಇಡುತ್ತಾರೆ. ನಾನು ಹೇಳಲಿರುವುದು ಇಪ್ಪತ್ತು ಮೂವತ್ತರ ವಯಸ್ಸಿನವರ ವಿಷಯ. ಅವರ ಸ್ವಂತ ಮಸೂರ ಚೆನ್ನಾಗಿಯೇ ಇರುತ್ತದೆ. ಅದನ್ನು ಮುಟ್ಟದೆ, ಅದರ ಮುಂದೆ ಇನ್ನೊಂದು ತೆಳುವಾದ ಲೆನ್ಸ್ ಸೇರಿಸುತ್ತಾರೆ. ದೂರದ್ದು ಏನೂ ಕಾಣದ, ಮೈನಸ್ ನಂಬರ್ ಬಹಳ ಇರುವವರಿಗಾಗಿ ಇರುವ ಚಿಕಿತ್ಸೆ ಇದು.

ನಮ್ಮ ಕಡೆ ದಪ್ಪ ಕನ್ನಡಕ ಎಂದರೆ ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಬಂದ ಅಜ್ಜ ಅಜ್ಜಿಯರ ನೆನಪು ಬರುತ್ತದೆ. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಇಡುತ್ತಿರಲಿಲ್ಲ. ಹಾಗಾಗಿ ಹೊರಗೆ ದಪ್ಪ ಗಾಜು ಬೇಕಾಗುತ್ತಿತ್ತು. ಆ ಕನ್ನಡಕದಲ್ಲಿ ಅಜ್ಜಿಯ ಕಣ್ಣು ಬಟ್ಟಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ಏಕೆಂದರೆ ಅದು ಪ್ಲಸ್ ಗಾಜು, ನಡುವೆ ದಪ್ಪ. ಮೈನಸ್ ಗಾಜು ಅಂಚಿನಲ್ಲಿ ದಪ್ಪ, ನಡುವೆ ತೆಳು. ಅದರ ಹಿಂದಿನ ಕಣ್ಣು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹಾಕಿಕೊಂಡವರಿಗೆ ಲೋಕವೂ ಚಿಕ್ಕದಾಗಿಯೇ ಕಾಣುತ್ತದೆ.

ಹೀಗೇಕಾಗುತ್ತದೆ? ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ ಇರುತ್ತದೆ. ಕೆಲವರಿಗೆ ಶಾಲೆಯ ವಯಸ್ಸಿನಲ್ಲಿ ಅದು ಅಳತೆ ಮೀರಿ ಬೆಳೆಯುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೆ ನಂಬರ್ ಎರಡೂವರೆಯಿಂದ ಮೂರರಷ್ಟು ಮೇಲೇರುತ್ತದೆ. ಹೊರಗಿನ ಬೆಳಕು ಹಿಂದಿನ ನರದ ಪರದೆಯನ್ನು, ಅಂದರೆ ರೆಟಿನಾವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಆದ್ದರಿಂದ ದೂರದ್ದು ಮಸುಕು. ಮೈನಸ್ 6 ದಾಟಿದರೆ ಅದನ್ನು ತೀವ್ರ ಸಮೀಪದೃಷ್ಟಿ ಎನ್ನುತ್ತಾರೆ. ಮನೆಯಲ್ಲೇ ಮಾಡಬಹುದಾದ ಲೆಕ್ಕ ಒಂದಿದೆ. ನೂರನ್ನು ನಿಮ್ಮ ನಂಬರಿನಿಂದ ಭಾಗಿಸಿ. ಮೈನಸ್ 10 ಇದ್ದವರಿಗೆ ಕನ್ನಡಕ ತೆಗೆದರೆ 10 ಸೆಂಟಿಮೀಟರಿನವರೆಗೆ ಮಾತ್ರ ಸ್ಪಷ್ಟ, ಅದರಾಚೆ ಎಲ್ಲ ಮಂಜು. ಲಿಂಗಪೂಜೆಗೆ ಕುಳಿತಾಗ ಅಂಗೈಯನ್ನು ಮೂಗಿನ ಹತ್ತಿರಕ್ಕೆ ತಂದುಕೊಳ್ಳುವವರನ್ನು ನೀವು ನೋಡಿರಬಹುದು. ಅದು ಭಕ್ತಿಯ ಹೆಚ್ಚಳವಷ್ಟೇ ಅಲ್ಲ, ನಂಬರಿನ ಹೆಚ್ಚಳವೂ ಇರಬಹುದು.

ಇಂಥವರು ನಮ್ಮಲ್ಲಿಗೆ ಬಂದು ಮೊದಲು ಕೇಳುವುದು, "ಸಿಸ್ಟರ್, ಲೇಸರ್ ಮಾಡಿಬಿಟ್ಟರ ಆಗೂದಿಲ್ಲೇನ್ರಿ?" ಕಡಿಮೆ ನಂಬರಿಗೆ ಆಗುತ್ತದೆ. ಹೆಚ್ಚು ನಂಬರಿಗೆ ಏಕೆ ಆಗುವುದಿಲ್ಲ ಎನ್ನುವುದು ಸಾದಾ ಕಳೆಯುವ ಲೆಕ್ಕ. ಲೇಸರ್ ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ, ಅದನ್ನು ಸವೆಸುವುದು. ಒಂದು ನಂಬರಿಗೆ ಸುಮಾರು 12ರಿಂದ 15 ಮೈಕ್ರಾನ್ ಸವೆಯಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಒಬ್ಬರ ಕಾರ್ನಿಯಾ 500 ಮೈಕ್ರಾನ್ ದಪ್ಪ ಇದೆ ಎನ್ನಿ. ಲ್ಯಾಸಿಕ್ ವಿಧಾನದಲ್ಲಿ ಮೇಲಿನ ಪದರವನ್ನು ಎತ್ತುವುದಕ್ಕೆ 110 ಹೋಯಿತು. ಮೈನಸ್ 10 ಸರಿಪಡಿಸಲು 150ರವರೆಗೆ ಹೋಯಿತು. ಉಳಿದದ್ದು 240. ಕಣ್ಣಿನ ಒಳಒತ್ತಡವನ್ನು ತಡೆದು ನಿಲ್ಲಲು ಕನಿಷ್ಠ 250 ಮೈಕ್ರಾನ್, ಇನ್ನೂ ಕ್ಷೇಮವಾಗಿ 300 ಇರಬೇಕೆಂಬುದು ವೈದ್ಯರ ನಿಯಮ. ಅದಕ್ಕಿಂತ ತೆಳುವಾದರೆ ಗೋಡೆ ಉಬ್ಬಿದ ಹಾಗೆ ಕಾರ್ನಿಯಾ ಮುಂದಕ್ಕೆ ಉಬ್ಬಬಹುದು. ಆದ್ದರಿಂದ "ನಿಮಗೆ ಲೇಸರ್ ಬರುವುದಿಲ್ಲ" ಎಂದು ವೈದ್ಯರು ಹೇಳಿದರೆ, ಯಂತ್ರ ಇಲ್ಲದ ಕಾರಣಕ್ಕೆ ಹೇಳಿದರು ಎಂದು ತಿಳಿದು ಇನ್ನೊಂದು ಊರಿಗೆ ಓಡಬೇಡಿ. ಕಾರಣ ನಿಮ್ಮ ಕಣ್ಣಿನಲ್ಲೇ ಇದೆ.

ಇಲ್ಲಿಗೆ ಲೆನ್ಸಿನ ಮಾತು ಬಂತು. ಕಣ್ಣೊಳಗೆ ಪರವಸ್ತು ಇದ್ದರೆ ಕಣ್ಣು ಕೆಡುವುದಿಲ್ಲವೇ ಎಂಬ ಭಯ ಎಲ್ಲರಿಗೂ ಸಹಜ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನಚಾಲಕರ ಕಣ್ಣಿನಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಸುಮ್ಮನೆ ಉಳಿದಿದ್ದನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಪೊರೆಯ ರೋಗಿಯೊಬ್ಬರಿಗೆ ಇಟ್ಟರು. ಸಮೀಪದೃಷ್ಟಿಗಾಗಿ ಸ್ವಂತ ಮಸೂರ ಉಳಿಸಿಕೊಂಡೇ ಲೆನ್ಸ್ ಇಡುವ ಪ್ರಯತ್ನ 1953ರಲ್ಲಿ ಇಟಲಿಯ ಸ್ಟ್ರಾಂಪೆಲ್ಲಿಯವರಿಂದ ನಡೆಯಿತು. ಆಗಿನ ಲೆನ್ಸುಗಳು ಕಾರ್ನಿಯಾಕ್ಕೆ ತೀರ ಹತ್ತಿರ ಕುಳಿತು ಅದರ ಜೀವಕೋಶಗಳನ್ನು ಹಾಳುಮಾಡಿದವು, ಅದನ್ನು ಕೈಬಿಡಬೇಕಾಯಿತು. 1986ರಲ್ಲಿ ಮಾಸ್ಕೋದ ಫ್ಯೋದೊರೊವ್ ಅವರು ಲೆನ್ಸನ್ನು ಹಿಂದಕ್ಕೆ, ಕಣ್ಣಿನ ಬಣ್ಣದ ಪರದೆಯ ಹಿಂಬದಿಗೆ ತಂದರು. ಇವತ್ತಿನ ಲೆನ್ಸುಗಳು ಕೂರುವುದೂ ಅಲ್ಲಿಯೇ, ಬಣ್ಣದ ಪರದೆಯ ಹಿಂದೆ, ನಮ್ಮ ಮಸೂರದ ಮುಂದೆ. ಕನ್ನಡಿಯಲ್ಲಿ ನೋಡಿಕೊಂಡರೂ ಕಾಣುವುದಿಲ್ಲ, ಒಳಗೆ ಇದೆಯೆಂದು ಗೊತ್ತೂ ಆಗುವುದಿಲ್ಲ.

ಈಗ ಬಹಳ ಬಳಕೆಯಲ್ಲಿರುವುದು ಐಸಿಎಲ್. ಕೊಲಾಮರ್ ಎಂಬ ಮೆತ್ತಗಿನ ವಸ್ತುವಿನದು, ಮಡಚಿ ಒಳಗೆ ಬಿಡಬಹುದು. ಅಮೆರಿಕದ ಔಷಧ ಇಲಾಖೆ ಇದಕ್ಕೆ 2005ರಲ್ಲಿ ಒಪ್ಪಿಗೆ ಕೊಟ್ಟಿತು. ಹಿಂದೆಲ್ಲ ಲೆನ್ಸ್ ಇಡುವ ಮೊದಲು ಕಣ್ಣಿನ ನೀರು ಹರಿಯಲೆಂದು ಬಣ್ಣದ ಪರದೆಗೆ ಲೇಸರಿನಿಂದ ರಂಧ್ರ ಮಾಡಬೇಕಿತ್ತು. ಈಚಿನ ಲೆನ್ಸುಗಳ ನಡುವಿನಲ್ಲೇ 0.36 ಮಿಲಿಮೀಟರಿನ ಒಂದು ಸಣ್ಣ ತೂತು ಇರುತ್ತದೆ, ನೀರು ಅದರ ಮೂಲಕ ಹರಿಯುತ್ತದೆ. ನಮ್ಮ ದೇಶದಲ್ಲೇ ತಯಾರಾಗುವ ಐಪಿಸಿಎಲ್ ಎಂಬ ಲೆನ್ಸ್ ಕೂಡ ಇದೆ, ಬೆಲೆ ಸ್ವಲ್ಪ ಕಡಿಮೆ. ಸಿಲಿಂಡರ್ ನಂಬರ್ ಇದ್ದವರಿಗೆ ಟಾರಿಕ್ ಎಂಬ ಬೇರೆ ಬಗೆ. ಇದರಲ್ಲಿ ಯಾವುದು ಯಾರಿಗೆ ಎನ್ನುವುದನ್ನು ಕಣ್ಣು ಅಳೆದ ವೈದ್ಯರೇ ಹೇಳಬೇಕು. ಪಕ್ಕದ ಮನೆಯವರಿಗೆ ಹಾಕಿದ್ದೇ ನನಗೂ ಹಾಕಿ ಎಂದರೆ ಅದು ಪಕ್ಕದ ಮನೆಯವರ ಚಪ್ಪಲಿ ಹಾಕಿಕೊಂಡ ಹಾಗೆ.

ಇನ್ನು ಮುಖ್ಯ ವಿಷಯ, ಯಾರಿಗೆ ಬೇಕು ಎಂಬುದು.

ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದರು. ಇಪ್ಪತ್ತಮೂರು ವಯಸ್ಸು, ಮೈನಸ್ 13. "ಸಿಸ್ಟರ್, ಬರೂ ತಿಂಗಳ ಹುಡುಗನ ಕಡೆಯವರು ಬರ್ತಾರ್ರಿ. ಅಷ್ಟರೊಳಗ ಲೆನ್ಸ್ ಹಾಕಿಸಿ ಚಷ್ಮಾ ತೆಗಸಿಬಿಡ್ರಿ" ಎಂದರು. ನಾನು, "ಅಪ್ಪಾರ, ನೀವು ಚಹಾ ಕುಡದು ಬರ್ರಿ, ತಂಗಿ ಜೋಡಿ ಎರಡು ಮಾತಾಡ್ತೀನಿ" ಎಂದು ಅವರನ್ನು ಹೊರಗೆ ಕಳಿಸಿದೆ. ನಿನಗೆ ಬೇಕೇನವ್ವಾ ಎಂದು ಕೇಳಿದೆ. ಅವಳು ಮದುವೆಯ ಮಾತನ್ನೇ ಎತ್ತಲಿಲ್ಲ. "ಅಕ್ಕಾರ, ಬಚ್ಚಲದಾಗ ಚಷ್ಮಾ ತೆಗದರ ನೆಲ ಕಾಣೂದಿಲ್ರಿ. ಎರಡು ಸಲ ಜಾರಿ ಬಿದ್ದೀನಿ. ರಾತ್ರಿ ಎದ್ದರ ಚಷ್ಮಾ ಹುಡುಕೂದಕ್ಕ ಚಷ್ಮಾ ಬೇಕು" ಎಂದಳು. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದ್ದಳು, ಕಣ್ಣು ಕೆಂಪಾಗಿ ಬಿಟ್ಟಿದ್ದಳು. ಇದು ಆಪರೇಷನ್ ಕೇಳುವುದಕ್ಕೆ ಸರಿಯಾದ ಕಾರಣ.

ಆದರೆ ತಾರೀಖು ಸರಿಯಿರಲಿಲ್ಲ. ಪರೀಕ್ಷೆ ಮಾಡಿದಾಗ ಎಡಗಣ್ಣಿನ ರೆಟಿನಾದ ಅಂಚಿನಲ್ಲಿ ತೆಳುವಾದ ಜಾಗವೂ ಅದರಲ್ಲಿ ಒಂದು ಸಣ್ಣ ರಂಧ್ರವೂ ಸಿಕ್ಕವು. ಉದ್ದವಾಗಿ ಎಳೆದ ಕಣ್ಣಿನಲ್ಲಿ ರೆಟಿನಾ ಹಿಗ್ಗಿ ತೆಳುವಾಗುತ್ತದೆ, ಇದು ಅಪರೂಪವಲ್ಲ. ವೈದ್ಯರು ಮೊದಲು ಆ ರಂಧ್ರದ ಸುತ್ತ ಲೇಸರ್ ಮಾಡಿಸಿ, ಅದು ಗಟ್ಟಿಯಾದ ಮೇಲೆ ಲೆನ್ಸಿನ ವಿಚಾರ ಎಂದರು. ತಂದೆಗೆ ಸಿಟ್ಟು ಬಂತು. "ಚಷ್ಮಾ ತೆಗಸಾಕ ಬಂದರ ಹೊಸಾ ಬ್ಯಾನಿ ಹುಡುಕಿದ್ರಿ" ಎಂದರು. ಎರಡು ದಿನ ಬಿಟ್ಟು ಅವರೇ ಬಂದು ಲೇಸರಿಗೆ ಸಹಿ ಹಾಕಿದರು. ಆ ರಂಧ್ರ ಹರಿದು ರೆಟಿನಾ ಕಳಚಿದ್ದರೆ ಕನ್ನಡಕವಲ್ಲ, ಕಣ್ಣೇ ಹೋಗುತ್ತಿತ್ತು. ಹುಡುಗಿ ಕನ್ನಡಕದಲ್ಲೇ ವರನ ಕಡೆಯವರ ಮುಂದೆ ಕುಳಿತಳು. ಅವರೇನು ಹೇಳಿದರೋ ನಾನು ಕೇಳಲಿಲ್ಲ. ಮುಂದೆ ಕೆಲವು ತಿಂಗಳಾದ ಮೇಲೆ ಅವಳಿಗೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಲೆನ್ಸ್ ಆಯಿತು, ತಪಾಸಣೆಗೆ ಈಗಲೂ ನಮ್ಮಲ್ಲಿಗೇ ಬರುತ್ತಾಳೆ.

ತಂದೆ ತಾಯಿಗಳಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ. ಮದುವೆಯ ದಿನ ಗೊತ್ತುಮಾಡಿಕೊಂಡು ಆಪರೇಷನ್ನಿಗೆ ಬರಬೇಡಿ. ಮಾಡಿಸಿದ ಮೇಲೆ ಅದನ್ನು ಗಂಡನ ಮನೆಯವರಿಂದ ಮುಚ್ಚಿಡಬೇಡಿ. ಲೆನ್ಸ್ ಇಟ್ಟರೂ ಕಣ್ಣಿನ ಉದ್ದ ಹಾಗೆಯೇ ಇರುತ್ತದೆ. ರೆಟಿನಾದ ಅಪಾಯ ಹಾಗೆಯೇ ಇರುತ್ತದೆ. ನಾಳೆ ಆ ಮಗಳ ಕಣ್ಣಿನಲ್ಲಿ ಮಿಂಚು ಬಂದರೆ ಅವಳನ್ನು ಆಸ್ಪತ್ರೆಗೆ ಓಡಿಸಿಕೊಂಡು ಬರಬೇಕಾದವರು ಅವರೇ. ವಿಷಯವೇ ಗೊತ್ತಿಲ್ಲದಿದ್ದರೆ ತಲೆನೋವಿನ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಸಮೀಪದೃಷ್ಟಿ ವಂಶದಲ್ಲಿ ಹರಿದು ಬರುವುದುಂಟು, ಆಪರೇಷನ್ನಿನಿಂದ ಅದು ತಪ್ಪುವುದಿಲ್ಲ. ಹುಟ್ಟುವ ಮಕ್ಕಳ ಕಣ್ಣನ್ನು ಶಾಲೆಗೆ ಹಾಕುವ ಮೊದಲೇ ತೋರಿಸಬೇಕಾಗುತ್ತದೆ.

ಇನ್ನೊಬ್ಬರು ಬಂದಿದ್ದರು, ಬಂಗಾರದ ಕೆಲಸದ ಪತ್ತಾರರು, ನಲವತ್ಮೂರು ವಯಸ್ಸು, ಮೈನಸ್ 8. ಸಾಲ ತೆಗೆದು ಆಪರೇಷನ್ ಮಾಡಿಸುವ ಯೋಚನೆಯಲ್ಲಿದ್ದರು. ಅವರ ಕೆಲಸ ಹೇಗೆ ಎಂದು ಕೇಳಿದೆವು. ಸೂಕ್ಷ್ಮ ಕುಂದಣ ಕೂರಿಸುವಾಗ ಕನ್ನಡಕವನ್ನು ಹಣೆಗೆ ಏರಿಸಿ, ವಸ್ತುವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರಂತೆ. ಅವರ ಮೈನಸ್ ನಂಬರೇ ಅವರಿಗೆ ಭೂತಗನ್ನಡಿ. ಲೆನ್ಸ್ ಇಟ್ಟರೆ ದೂರದ್ದು ನಿಚ್ಚಳವಾಗುತ್ತದೆ, ಆದರೆ ಆ ವಯಸ್ಸಿಗೆ ಹತ್ತಿರದ್ದಕ್ಕೆ ಓದುವ ಕನ್ನಡಕ ಬೇಕಾಗುತ್ತದೆ. ನಮ್ಮ ಹಿರಿಯರು ಕನ್ನಡಕಕ್ಕೆ ಚಾಳೀಸು ಎಂದು ಸುಮ್ಮನೆ ಹೆಸರಿಡಲಿಲ್ಲ, ನಲವತ್ತಕ್ಕೆ ಅದು ಬಂದೇ ಬರುತ್ತದೆ, ಈ ಲೆನ್ಸ್ ಅದನ್ನು ತಡೆಯುವುದಿಲ್ಲ. ಪತ್ತಾರರು ಲೆಕ್ಕ ಹಾಕಿದರು, ಗಾಜು ಹಗುರವಾಗುವಂಥ ಹೊಸ ಕನ್ನಡಕ ಬರೆಸಿಕೊಂಡು ಮನೆಗೆ ಹೋದರು. ನನ್ನ ಅಭಿಪ್ರಾಯ ಕೇಳಿದರೆ ಅದು ಒಳ್ಳೆಯ ತೀರ್ಮಾನ.

ವೈದ್ಯರು ಸಾಮಾನ್ಯವಾಗಿ 21ರಿಂದ 45 ವಯಸ್ಸಿನೊಳಗಿನವರಿಗೆ ಇದನ್ನು ಹೇಳುತ್ತಾರೆ. ನಂಬರ್ ಒಂದು ವರ್ಷದಿಂದ ಹೆಚ್ಚುಕಡಿಮೆ ಆಗದೆ ನಿಂತಿರಬೇಕು. ಹಳೆಯ ಕನ್ನಡಕದ ಚೀಟಿಗಳನ್ನು ಎಸೆಯದೆ ತನ್ನಿ, ಅವೇ ಸಾಕ್ಷಿ. ಗರ್ಭಿಣಿಯರು, ಮೊಲೆಹಾಲು ಕುಡಿಸುವ ತಾಯಂದಿರು ಕಾಯಬೇಕು, ಆ ದಿನಗಳಲ್ಲಿ ನಂಬರ್ ಅತ್ತಿತ್ತ ಆಗುತ್ತದೆ. ಗ್ಲಾಕೋಮಾ ಇದ್ದವರಿಗೆ, ಪೊರೆ ಶುರುವಾದವರಿಗೆ, ಕಣ್ಣಿನೊಳಗೆ ಪದೇ ಪದೇ ಉರಿಯೂತ ಬರುವವರಿಗೆ ಇದು ಹೊಂದುವುದಿಲ್ಲ. ಕಾರ್ನಿಯಾದ ಒಳಮೈ ಕೋಶಗಳನ್ನು ಎಣಿಸುತ್ತಾರೆ, ಏಕೆಂದರೆ ಆ ಕೋಶಗಳು ಹೋದರೆ ಮತ್ತೆ ಹುಟ್ಟುವುದಿಲ್ಲ. ಕಾರ್ನಿಯಾದಿಂದ ಮಸೂರದವರೆಗಿನ ಜಾಗ ಸುಮಾರು 2.8ರಿಂದ 3 ಮಿಲಿಮೀಟರಾದರೂ ಇರಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಲೆನ್ಸಿನ ಅಳತೆ. ಲೆನ್ಸ್ ಕೂತ ಮೇಲೆ ಅದಕ್ಕೂ ನಮ್ಮ ಮಸೂರಕ್ಕೂ ನಡುವೆ ಸುಮಾರು ಕಾಲು ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರ್ ಸಂದು ಇರಬೇಕು. ಚಿಕ್ಕ ಅಳತೆಯದಾದರೆ ಮಸೂರವನ್ನು ತಾಗಿ ಪೊರೆ ಬರಬಹುದು. ದೊಡ್ಡದಾದರೆ ಬಣ್ಣದ ಪರದೆಯನ್ನು ಮುಂದಕ್ಕೆ ತಳ್ಳಿ ಕಣ್ಣಿನ ಒತ್ತಡ ಏರಬಹುದು. ಅದಕ್ಕಾಗಿಯೇ ಒಂದೇ ಅಳತೆಯನ್ನು ಎರಡು ಮೂರು ಯಂತ್ರಗಳಲ್ಲಿ ನೋಡುತ್ತಾರೆ. "ಎಷ್ಟು ಸಲ ಗಲ್ಲ ಊರಿಸ್ತೀರಿ" ಎಂದು ಬೇಸರಪಡಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಮೊದಲೇ ಅದನ್ನು ನಿಲ್ಲಿಸಬೇಕು, ಮೆತ್ತಗಿನದಾದರೆ ಒಂದೆರಡು ವಾರ, ಗಟ್ಟಿಯದಾದರೆ ಮೂರು ನಾಲ್ಕು ವಾರ. ಇಲ್ಲದಿದ್ದರೆ ಅಳತೆ ತಪ್ಪಾಗುತ್ತದೆ.

ಆಪರೇಷನ್ ದಿನದ ವಿಷಯ ಕಡಿಮೆ. ಕಣ್ಣಿಗೆ ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಸುಮಾರು 3 ಮಿಲಿಮೀಟರಿನ ಸಣ್ಣ ಗಾಯದ ಮೂಲಕ ಮಡಚಿದ ಲೆನ್ಸ್ ಒಳಗೆ ಬಿಡುತ್ತಾರೆ. ಅದು ಒಳಗೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಇಲ್ಲ. ಒಂದು ಕಣ್ಣಿಗೆ ಇಪ್ಪತ್ತು ನಿಮಿಷ. ಎರಡು ಕಣ್ಣನ್ನು ಬೇರೆ ಬೇರೆ ದಿನ ಮಾಡುವವರು ಹೆಚ್ಚು, ಸೋಂಕು ಬಂದರೆ ಎರಡಕ್ಕೂ ಒಟ್ಟಿಗೆ ಬರಬಾರದೆಂದು. ಮುಗಿದ ಕೂಡಲೇ ಊರಿನ ಬಸ್ಸು ಹಿಡಿಯಬೇಡಿ. ಕೆಲವು ತಾಸು ಬಿಟ್ಟು ಕಣ್ಣಿನ ಒತ್ತಡ ನೋಡಿಯೇ ಕಳಿಸುತ್ತಾರೆ. ಆ ರಾತ್ರಿ ಕಣ್ಣಿನಲ್ಲಿ ಬಿಗಿ ನೋವು, ತಲೆನೋವು, ವಾಂತಿ ಬಂದರೆ ಅದು ಪಿತ್ತವಲ್ಲ, ಒತ್ತಡ ಏರಿದ ಲಕ್ಷಣ. ಬೆಳಗಾಗಲಿ ಎಂದು ಕಾಯಬೇಡಿ.

ಮನೆಗೆ ಬಂದ ಮೇಲಿನದು ನಮ್ಮ ಶುಶ್ರೂಷಕಿಯರ ಪಾಲಿನ ಕೆಲಸ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಕೈ ಸಾಬೂನಿನಿಂದ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಅದರಲ್ಲಿ ಒಂದು ಸ್ಟೆರಾಯ್ಡ್ ಇರುತ್ತದೆ. ಹೇಳಿದಷ್ಟು ದಿನ ಹಾಕಿ, ಹೇಳಿದ ದಿನ ನಿಲ್ಲಿಸಿ. ಕಣ್ಣು ತಂಪಾಗಿದೆ ಎಂದು ಔಷಧಿ ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ನರ ಒಣಗುತ್ತದೆ. ಹರಳೆಣ್ಣೆ, ಜೇನು, ಎದೆಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಕಾಡಿಗೆ ಬೇಡ. ಕಣ್ಣು ಉಜ್ಜುವುದು ಬೇಡವೇ ಬೇಡ.

ವಿಭೂತಿಯ ವಿಷಯ ಹೇಳಲೇಬೇಕು. ಪೂಜ್ಯರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಒಣ ವಿಭೂತಿಯ ಪುಡಿ ರೆಪ್ಪೆಯ ಮೇಲೆ ಉದುರುತ್ತದೆ, ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತದೆ. ಗಾಯ ಮಾಯುವವರೆಗೆ ಹಣೆಗೆ ಹಚ್ಚದೆ ತೋಳಿಗೆ, ಎದೆಗೆ ಧರಿಸಿ. ಇಷ್ಟಲಿಂಗ ಪೂಜೆ ಮಾಡಬಹುದು, ಅಡ್ಡಿಯಿಲ್ಲ, ಧೂಪದ ಹೊಗೆ ಮಾತ್ರ ದೂರವಿರಲಿ. ತಲೆಯ ಮೇಲಿನ ಸ್ನಾನ, ಬಾವಿ ಹೊಳೆಯ ಈಜು, ಹೋಳಿಯ ಬಣ್ಣ, ಜಾತ್ರೆಯ ಧೂಳು, ಮೆಣಸಿನಕಾಯಿ ಕುಟ್ಟುವ ಕೆಲಸ, ಒಕ್ಕಲು ಇವೆಲ್ಲ ವೈದ್ಯರು ಹೇಳುವವರೆಗೆ ಬೇಡ.

ಏನೆಲ್ಲ ತೊಂದರೆ ಬರಬಹುದು ಎಂಬುದನ್ನು ಮುಚ್ಚಿಡುವುದಿಲ್ಲ. ರಾತ್ರಿ ಲಾರಿಯ ದೀಪದ ಸುತ್ತ ಬಳೆಯಂಥ ಬೆಳಕು ಕಾಣುವುದು ಬಹಳ ಜನರಿಗೆ ಆಗುತ್ತದೆ, ಬಹುಪಾಲು ಮಂದಿಗೆ ಕೆಲವು ತಿಂಗಳಲ್ಲಿ ಅದರ ಕಡೆ ಗಮನ ಹೋಗುವುದು ನಿಲ್ಲುತ್ತದೆ. ರಾತ್ರಿ ಬಸ್ಸು ಲಾರಿ ಓಡಿಸುವವರು ಇದನ್ನು ಮೊದಲೇ ಯೋಚಿಸಬೇಕು. ಅಳತೆ ಹೊಂದದಿದ್ದರೆ ಲೆನ್ಸ್ ಬದಲಿಸಬೇಕಾಗಬಹುದು. ಟಾರಿಕ್ ಲೆನ್ಸ್ ತಿರುಗಿದರೆ ಮತ್ತೆ ಸರಿಯಾಗಿ ಕೂರಿಸಬೇಕು. ಬೇಗ ಪೊರೆ ಬರಬಹುದು, ಒತ್ತಡ ಏರಬಹುದು, ಕಾರ್ನಿಯಾದ ಕೋಶಗಳು ಕಡಿಮೆಯಾಗುತ್ತ ಹೋಗಬಹುದು. ಸೋಂಕು ಅಪರೂಪ, ಆದರೆ ಬಂದರೆ ದೃಷ್ಟಿಯನ್ನೇ ತೆಗೆಯಬಹುದು. ಇನ್ನು ದೃಷ್ಟಿ ಎಷ್ಟು ಬರುತ್ತದೆ ಎಂದರೆ, ಈಗ ಕನ್ನಡಕ ಹಾಕಿಕೊಂಡು ಗೋಡೆಯ ಬೋರ್ಡಿನಲ್ಲಿ ಎಷ್ಟು ಸಾಲು ಓದುತ್ತೀರೋ ಹೆಚ್ಚುಕಡಿಮೆ ಅಷ್ಟು, ಕೆಲವರಿಗೆ ಒಂದು ಸಾಲು ಹೆಚ್ಚು. ಚಿಕ್ಕಂದಿನಿಂದ ಮಂದವಾಗಿರುವ ಕಣ್ಣಿಗೆ ಲೆನ್ಸ್ ಹೊಸ ದೃಷ್ಟಿ ಕೊಡುವುದಿಲ್ಲ. ಈ ಲೆನ್ಸಿನ ಒಂದು ಗುಣ ಏನೆಂದರೆ ಬೇಡವಾದರೆ ತೆಗೆಯಬಹುದು, ಮುಂದೆ ಪೊರೆ ಬಂದಾಗ ಇದನ್ನು ತೆಗೆದು ಪೊರೆಯ ಲೆನ್ಸ್ ಇಡಬಹುದು. ಲೇಸರಿನಲ್ಲಿ ಸವೆದದ್ದು ಮರಳಿ ಬರುವುದಿಲ್ಲ.

ಖರ್ಚು ಎರಡೂ ಕಣ್ಣಿಗೆ ಸೇರಿ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ನಮ್ಮಲ್ಲಿ ಪರೀಕ್ಷೆ ಮತ್ತು ನಂತರದ ತಪಾಸಣೆ ನಡೆಯುತ್ತದೆ, ಲೆನ್ಸ್ ಇಡಲು ದೊಡ್ಡ ಊರಿಗೆ ಬರೆದುಕೊಡುತ್ತೇವೆ. ಆರೋಗ್ಯ ವಿಮೆ ಇದ್ದವರು ಒಂದು ನೋಡಿ. 7.5 ಡಯಾಪ್ಟರಿಗಿಂತ ಕಡಿಮೆ ನಂಬರಿನ ದೃಷ್ಟಿದೋಷ ಸರಿಪಡಿಸುವ ಖರ್ಚನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಕಂಪನಿಗಳು ಹೊರಗಿಡಬಹುದು. ನಿಮ್ಮ ನಂಬರ್ ಅದಕ್ಕಿಂತ ಮೇಲಿದ್ದರೆ ಆಪರೇಷನ್ನಿಗೆ ಮೊದಲೇ ಪಾಲಿಸಿ ಓದಿಸಿ, ಲಿಖಿತವಾಗಿ ಕೇಳಿ. ಸೇನೆ, ಪೊಲೀಸ್, ರೈಲ್ವೆ ನೌಕರಿಗೆ ಅರ್ಜಿ ಹಾಕುವ ಹುಡುಗರು ಆ ಇಲಾಖೆಯ ಕಣ್ಣಿನ ನಿಯಮವನ್ನು ಮೊದಲು ನೋಡಿಕೊಳ್ಳಬೇಕು. ಕೆಲವು ಹುದ್ದೆಗಳಿಗೆ ಆಪರೇಷನ್ ಆದ ಕಣ್ಣು ನಡೆಯುವುದಿಲ್ಲ. ಭೂಮಿ ಒತ್ತೆಯಿಟ್ಟು ಈ ಆಪರೇಷನ್ ಮಾಡಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕನ್ನಡಕದಲ್ಲಿ ಕೆಲಸ ಸಾಗುತ್ತಿದ್ದರೆ ಕನ್ನಡಕವೂ ಚಿಕಿತ್ಸೆಯೇ.

ಮಾಡಿಸಿಕೊಂಡವರು ವರ್ಷಕ್ಕೊಮ್ಮೆ ತಪ್ಪದೆ ಬನ್ನಿ. ಕಣ್ಣಿನ ಒತ್ತಡ, ಕೋಶಗಳ ಎಣಿಕೆ, ಲೆನ್ಸಿನ ಸಂದು, ಪಾಪೆ ಅರಳಿಸಿ ರೆಟಿನಾ, ಇಷ್ಟನ್ನೂ ನೋಡುತ್ತೇವೆ. ಪಾಪೆ ಅರಳಿಸಿದ ದಿನ ಕೆಲವು ತಾಸು ಕಣ್ಣು ಮಸುಕಾಗಿರುತ್ತದೆ, ಬೈಕ್ ತರಬೇಡಿ, ಜೊತೆಗೆ ಒಬ್ಬರು ಇರಲಿ. ಲೆನ್ಸಿನ ನಂಬರ್, ಅಳತೆ ಬರೆದ ಕಾರ್ಡ್ ಕೊಟ್ಟಿರುತ್ತಾರೆ, ಅದನ್ನೂ ಆಪರೇಷನ್ನಿಗೆ ಮೊದಲಿನ ಅಳತೆಯ ಕಾಗದಗಳನ್ನೂ ಪಡಿತರ ಚೀಟಿಯ ಜೊತೆ ಇಟ್ಟುಕೊಳ್ಳಿ, ಮುಂದೆ ಪೊರೆಯ ಆಪರೇಷನ್ನಿಗೆ ಬೇಕಾಗುತ್ತದೆ. ಕಣ್ಣಿನಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾಗಿ ತೇಲಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ಬನ್ನಿ. ಇದು ಲೆನ್ಸ್ ಹಾಕಿಸಿದವರಿಗೂ, ಹಾಕಿಸದೆ ದಪ್ಪ ಕನ್ನಡಕದಲ್ಲೇ ಇರುವವರಿಗೂ ಒಂದೇ. ಅಂಥವರು ಸರದಿಯಲ್ಲಿ ನಿಲ್ಲಬೇಕಿಲ್ಲ, ಬಾಗಿಲಲ್ಲಿರುವ ಸಿಸ್ಟರ್‌ಗೆ ಹೇಳಿದರೆ ನೇರವಾಗಿ ಒಳಗೆ ಬಿಡುತ್ತಾರೆ.

ಈಗ ಏನಾದರೂ ಕೇಳುವುದಿದ್ದರೆ ಕೇಳಿ. ಎಲ್ಲರ ಮುಂದೆ ಕೇಳಲು ಸಂಕೋಚ ಪಡುವ ಹೆಣ್ಣುಮಕ್ಕಳು ಊಟದ ನಂತರ ಪಕ್ಕದ ಕೊಠಡಿಗೆ ಬನ್ನಿ, ನಾನು ಅಲ್ಲಿಯೇ ಇರುತ್ತೇನೆ.